ಬೂದು ಪ್ಯಾಂಟು, ಬಳಸಿದ್ದು, ಒಂದು

ಸೋಮವಾರ ಬೆಳಿಗ್ಗೆ 9.40ಕ್ಕೆ ಬಂದರಿನ ಪೊಲೀಸ್ ಠಾಣೆಗೆ ಬಂದ ದೂರನ್ನು ಬರೆದುಕೊಳ್ಳುವಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಬೆವತುಹೋದ. ಕಳವು ಅನ್ನೋಣವೆಂದರೆ ವಸ್ತು ಮೇಜಿನ ಮೇಲೇ ಕೂತಿದೆ. ಪೊಟ್ಟಣ ಒಡೆದಿದ್ದಾರೆ ಅನ್ನೋಣವೆಂದರೆ ಅರಗಿನ ಮುದ್ರೆ ಗಟ್ಟಿಯಾಗಿದೆ. ದೂರು ತಂದವಳು ಸುಂಕದ ಕಚೇರಿಯ ಪ್ರಯೋಗಾಲಯದ ಪರೀಕ್ಷಕಿ. ಮುದ್ರೆ ಸರಿ, ಚೀಟಿ ಸರಿ, ಒಳಗಿನ ವಸ್ತು ಮಾತ್ರ ಬೇರೆ ಎಂದು ಆಕೆ ಪಟ್ಟು ಹಿಡಿದು ಕೂತಿದ್ದಳು.

ಇನ್ಸ್‌ಪೆಕ್ಟರ್ ತನ್ನ ಕೋಣೆಯಿಂದ ಎದ್ದು ಬಂದಳು. ತನಗೆ ತಿಳಿಯದ ವಿಷಯವೆಂದರೆ ಆಕೆಗೆ ಊಟ ನಿದ್ದೆ ಬೇಡ. ಠಾಣೆಯವರೆಲ್ಲ ಅದಕ್ಕೇ ಹೆದರುತ್ತಿದ್ದರು. ಪರೀಕ್ಷಕಿ ಮೊದಲಿನಿಂದ ಹೇಳಿದಳು. ಹೊರದೇಶದಿಂದ ಒಂದು ಪೆಟ್ಟಿಗೆ ಬಂದಿದೆ. ಉಸಿರಾಟದ ಯಂತ್ರಕ್ಕೆ ಹಾಕುವ ಹೊಸ ಮೋಟರುಗಳೆಂದು ಬಿಲ್ಲಿನಲ್ಲಿದೆ. ಮಾದರಿಗೆಂದು ಒಂದನ್ನು ತೆಗೆದು, ಮುದ್ರೆ ಹಾಕಿ, ಪ್ರಯೋಗಾಲಯಕ್ಕೆ ಕಳಿಸಿದ್ದಾರೆ. ಮುದ್ರೆ ಕೆಡದಂತೆ ಬದಿಯಿಂದ ಬಿಚ್ಚಿದರೆ ಪ್ಲಾಸ್ಟಿಕ್ ಕವಚದೊಳಗೆ ಕೂತ ಒಂದು ಮೋಟರು, ಅದರ ರೆಕ್ಕೆಯ ಸಂದಿಯಲ್ಲಿ ಧೂಳು.

"ಎಂಥ ಧೂಳು?"

"ನೂಲಿನ ಧೂಳು ಮೇಡಂ. ಏಳೆಂಟು ಬಣ್ಣ ಇದೆ. ಹೊಸ ಮೋಟರಿಗೆ ಇದೆಲ್ಲಿಂದ ಬರಬೇಕು?"

10.25ಕ್ಕೆ ಎಫ್‌ಐಆರ್ ದಾಖಲಾಯಿತು. 11.30ಕ್ಕೆ ಇಬ್ಬರು ಪಂಚರ ಸಮ್ಮುಖದಲ್ಲಿ ಗೋದಾಮಿನಲ್ಲಿ ಆ ಪೆಟ್ಟಿಗೆ ತೆರೆದರು. ಬರೆಯುವವನು ಭೂತಗನ್ನಡಿ. ಎಲ್ಲವನ್ನೂ ಮೂಗಿಗೆ ತಾಗಿಸಿ ನೋಡುವ ಈ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ಬೇರೆ ಹೆಸರೇ ಉಳಿದಿರಲಿಲ್ಲ. ಮೂವತ್ತೊಂಬತ್ತು ಮೋಟರುಗಳು, ಒಂದನ್ನು ತೆಗೆದ ಖಾಲಿ ಜಾಗ, ಒಂದಕ್ಕೂ ಕವಚವಿಲ್ಲ ಎಂದು ಪಂಚನಾಮೆಯಲ್ಲಿ ಬರೆದು, ಪೆಟ್ಟಿಗೆಗೆ ಪೊಲೀಸ್ ಸೀಲು ಹಾಕಿದ. ಅಂದರೆ ಮಾದರಿಯನ್ನು ಯಾರೋ ಬದಲಾಯಿಸಿದ್ದಾರೆ.

ಕವಚವಿದ್ದರೇನು, ಬಿಟ್ಟರೇನು? ಇನ್ಸ್‌ಪೆಕ್ಟರಿಗೆ ಅದನ್ನು ತಿಳಿಸಿಕೊಟ್ಟವರು ಸುಂಕದ ಕಚೇರಿಯ ಹಿರಿಯ ವರ್ಗೀಕರಣ ಅಧಿಕಾರಿ. ಅಲ್ಲಿಯವರು ಅವರನ್ನು ತಕ್ಕಡಿ ಸಾರ್ ಅನ್ನುತ್ತಿದ್ದರು. ಹಡಗಿನಲ್ಲಿ ಬರುವ ಸೂಜಿಯಿಂದ ಕ್ರೇನಿನವರೆಗೆ ಪ್ರತಿಯೊಂದಕ್ಕೂ ಸುಂಕದ ಪುಸ್ತಕದಲ್ಲಿ ಒಂದು ಸಂಖ್ಯೆಯಿದೆ; ಆ ಸಂಖ್ಯೆಯ ಮೇಲೆ ವಸ್ತುವಿನ ಹಣೆಬರಹ. ಮಾದರಿಯ ವರದಿ ನೋಡಿ ಅದನ್ನು ಬರೆಯುವವರು ಇವರು. ಕವಚದೊಳಗೆ ಕೂತ ಮೋಟರು ಉಸಿರಾಟದ ಯಂತ್ರದ ಭಾಗ, ಅವತ್ತೇ ಹೊರಗೆ ಹೋಗುತ್ತದೆ. ಬರೀ ಮೋಟರಾದರೆ ಮೋಟರಿನ ಸಂಖ್ಯೆ. ಅದಕ್ಕೆ ಸುರಕ್ಷತೆಯ ಪ್ರಮಾಣಪತ್ರ ಬರಬೇಕು, ಹತ್ತು ವಾರ ಗೋದಾಮಿನಲ್ಲೇ ಬಿದ್ದಿರಬೇಕು.

"ರೋಗಿಯ ಯಂತ್ರಕ್ಕೆ ಹೋಗೋ ಮೋಟರಾದ್ರೂನಾ?"

"ಮೋಟರು ಮೋಟರೇ ಅಮ್ಮ. ಅದೆಲ್ಲಿಗೆ ಹೋಗುತ್ತೆ ಅಂತ ಪುಸ್ತಕ ಕೇಳಲ್ಲ."

ಹೇಳುವಾಗ ಅವರ ದನಿ ಸ್ವಲ್ಪ ಇಳಿಯಿತು. ಇನ್ಸ್‌ಪೆಕ್ಟರಿಗೆ ಆಗ ಪುಸ್ತಕದ ಮೇಲೆ ಕಣ್ಣು. ಎರಡು ದಿನಕ್ಕೆ ಕೊಡಿ ಎಂದಳು. ಪೊಲೀಸರಾದರೇನು, ರಸೀದಿ ಬರೆದು, ಸಹಿ ಹಾಕಿಸಿಕೊಂಡೇ ಕೊಟ್ಟರು. ಮುದ್ರೆ ಯಾರ ಕೈಗೆ ಸಿಗುತ್ತದೆ ಎಂದದ್ದಕ್ಕೆ, ಗೋದಾಮಿನ ಅಧಿಕಾರಿ, ಮಾದರಿ ಕೋಣೆಯವನು, ನಾನು ಎಂದು ತಮ್ಮನ್ನೂ ಬಿಡದೆ ಎಣಿಸಿದರು.

ಬದಲಾವಣೆಯಿಂದ ಲಾಭ ಪೆಟ್ಟಿಗೆ ತರಿಸಿದವರಿಗೆ, ಹಾಗಾಗಿ 2.15ಕ್ಕೆ ಜೀಪು ಅವರ ಬಾಗಿಲಲ್ಲಿತ್ತು. ಎರಡು ಕೋಣೆಯ ಪುಟ್ಟ ಕಾರ್ಖಾನೆ. ಅದರ ಒಡತಿ ಉಸಿರಾಟದ ಯಂತ್ರ ಕಟ್ಟಿ ಕೊಡುವವಳು, ಹಳೆಯದನ್ನು ರಿಪೇರಿ ಮಾಡುವವಳು. ಬಿಲ್ಲಿನಲ್ಲಿ ಮೋಟರು ಎಂದು ತಾನೇ ಬರೆದಿದ್ದಳು. ಪ್ರಮಾಣಪತ್ರಕ್ಕೆ ಆರು ವಾರದ ಹಿಂದೆಯೇ ಹಾಕಿದ ಅರ್ಜಿಯ ನಕಲನ್ನೂ ತೋರಿಸಿದಳು. ಕಾಯಲು ಕೂತವಳಿಗೆ ಕಳ್ಳದಾರಿ ಯಾಕೆ? ಭೂತಗನ್ನಡಿ ಅರ್ಜಿಯ ತಾರೀಖನ್ನು ಮೂಸಿ ನೋಡಿ ತಲೆಯಾಡಿಸಿದ.

ಹಿಂದಿನ ಕೋಣೆಯಿಂದ ಕೀರಲು ಸದ್ದು ಬರುತ್ತಿತ್ತು. ಅಲ್ಲಿ ಮಂಚದ ಮೇಲೆ ಒಡತಿಯ ಸೋದರಮಾವ, ಒಂದು ಕಾಲಕ್ಕೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು, ಮೂಗಿಗೆ ಮುಖವಾಡ ಕಟ್ಟಿಕೊಂಡು ಒರಗಿದ್ದರು. ಪಕ್ಕದ ಯಂತ್ರದ ಮೋಟರನ್ನು ಮೂರು ಸಲ ಬಿಚ್ಚಿ ಕಟ್ಟಿದ್ದಾಗಿತ್ತು. ಅವರು ಮುಖವಾಡ ಎತ್ತಿ, "ವಾರ ವಾರಕ್ಕೂ ಈ ಮೋಟರಿನ ಶ್ರುತಿ ಏರ್ತಾ ಇದೆ. ಇನ್ನೊಂದು ಸ್ವರ ಏರಿದ್ರೆ ನನ್ನ ಕಚೇರಿ ಮುಗೀತು" ಎಂದು ನಕ್ಕರು. ಒಡತಿ ನಗಲಿಲ್ಲ.

"ಹೆಚ್ಚಂದ್ರೆ ಹದಿನೈದು ದಿನ ಎಳೀಬಹುದು ಮೇಡಂ. ಇವರ ಹಾಗೆ ಇನ್ನೂ ಹನ್ನೊಂದು ಜನ ಕಾಯ್ತಿದ್ದಾರೆ. ಈಗ ನೀವೂ ಸೀಲ್ ಹಾಕಿದ್ರಿ. ಎಷ್ಟು ದಿನ?"

ಇನ್ಸ್‌ಪೆಕ್ಟರ್ ಬೇರೆ ಪ್ರಶ್ನೆ ಕೇಳಿದಳು. ಈ ಹಡಗಿನಲ್ಲಿ ಕವಚಗಳು ಬಂದಿಲ್ಲವೇ? ಬಂದಿವೆ, ಬೇರೆ ಬಿಲ್ಲಿನಲ್ಲಿ. ಸಣ್ಣ ಸಣ್ಣ ಬಿಲ್ಲಾದರೆ ಬೇಗ ಬಿಡುತ್ತಾರೆ ಅಂತ ಏಜೆಂಟ್ ಹೇಳಿದ್ದ. ಅವೂ ಇನ್ನೂ ಗೋದಾಮಿನಲ್ಲೇ ಇವೆ. ಆಮೇಲೆ ಬಣ್ಣದ ಧೂಳಿನ ಫೋಟೋ ತೋರಿಸಿದಾಗ ಒಡತಿ ಬಹಳ ಹೊತ್ತು ನೋಡಿ, ತನ್ನ ಗಿರಾಕಿಗಳಲ್ಲಿ ದರ್ಜಿಯ ಮನೆ ಒಂದೇ ಇದ್ದದ್ದು ಎಂದಳು. ಆ ದರ್ಜಿ ತೀರಿಹೋಗಿ ಎರಡು ವರ್ಷ. ಆಗಲೂ ಮೋಟರುಗಳು ಹೀಗೇ ಹತ್ತು ವಾರ ನಿಂತಿದ್ದವು. ಆತ ಒಂಬತ್ತನೇ ವಾರಕ್ಕೆ ಹೋದ.

ಮಂಗಳವಾರ 10.00. ಗಂಡ ಹೋದ ಮೇಲೆ ದರ್ಜಿಯ ಹೆಂಡತಿ ತಾನೇ ಹೊಲಿಯುತ್ತಿದ್ದಳು. ಗಂಡನ ಯಂತ್ರ ಎಲ್ಲಿ ಎಂದರೆ, ಹೋದ ವಾರವಷ್ಟೇ ಕೊಟ್ಟುಬಿಟ್ಟೆ ಎಂದಳು. ಮಾಮೂಲಿ ಗಿರಾಕಿಯೊಬ್ಬರು ಬಿಡಿಭಾಗಕ್ಕೆ ಬೇಕೆಂದು ಕೇಳಿದರಂತೆ. ಯಾರೆಂದು ಗೊತ್ತಿಲ್ಲ, ಪಾಪದ ಮನುಷ್ಯ. ಎರಡು ವರ್ಷದಿಂದ ತಿಂಗಳಿಗೊಮ್ಮೆ ಬರುತ್ತಾರೆ, ಒಂದು ತಿಂಗಳು ಪ್ಯಾಂಟು ಬಿಗಿ ಮಾಡಿಸುತ್ತಾರೆ, ಮುಂದಿನ ತಿಂಗಳು ಅದನ್ನೇ ಸಡಿಲ ಮಾಡಿಸುತ್ತಾರೆ.

"ಹೆಸರು ಕೇಳಿಲ್ವಾ?"

"ಕೇಳೋಕೆ ಮುಂಚೆ ಚೀಟಿ ಕೊಡ್ತಾರೆ. ಓದಿ ನೋಡಿ, ನಗು ಬರುತ್ತೆ."

ಗೂಟದಲ್ಲಿ ತೂಗುತ್ತಿದ್ದ ಪ್ಯಾಂಟಿಗೆ ಗುಂಡುಸೂಜಿಯಿಂದ ಚುಚ್ಚಿದ ಚೀಟಿಯನ್ನು ಭೂತಗನ್ನಡಿ ಬಿಡಿಸಿಕೊಂಡ. ದುಂಡನೆಯ ಅಕ್ಷರ. 'ಪ್ಯಾಂಟು, ಗಂಡಸರದು, ನೇಯ್ದದ್ದು, ಹತ್ತಿ ಶೇ. 65, ಪಾಲಿಯೆಸ್ಟರ್ ಶೇ. 35, ಬೂದು, ಬಳಸಿದ್ದು, ಒಂದು.' ಅವನು ಇನ್ಸ್‌ಪೆಕ್ಟರ ಮುಖ ನೋಡಿದ. ಸೊಂಟ ಬಿಗಿ ಮಾಡಿಸಲು ಹೋಗಿ ಹೀಗೆ ಬರೆದುಕೊಡುವ ಮನುಷ್ಯ ಇಡೀ ಬಂದರಿನಲ್ಲಿ ಒಬ್ಬರೇ ಇದ್ದರು. ಪುಸ್ತಕ ಕೊಡುವಾಗ ತಕ್ಕಡಿ ಸಾರ್ ಬರೆದ ರಸೀದಿ ಆಕೆಯ ಚೀಲದಲ್ಲಿತ್ತು. ಅಕ್ಷರ ಒಂದೇ.

11.50ಕ್ಕೆ ತಕ್ಕಡಿ ಸಾರ್ ತಮ್ಮ ಮೇಜಿನಲ್ಲೇ ಸಿಕ್ಕರು. ಚೀಟಿ ಮುಂದಿಟ್ಟ ಕೂಡಲೇ ಕನ್ನಡಕ ತೆಗೆದಿಟ್ಟರು.

"ಪೊಟ್ಟಣದ ವಸ್ತು ಬದಲಾಯಿಸಿದ್ದು ನೀವಾ?"

"ಹೌದು."

"ಅಸಲಿ ಎಲ್ಲಿ?"

ಡ್ರಾಯರಿನಿಂದ ಕರವಸ್ತ್ರದಲ್ಲಿ ಸುತ್ತಿದ ಮೋಟರನ್ನು ತೆಗೆದು ಕೊಟ್ಟರು. ಭೂತಗನ್ನಡಿ ಜಪ್ತಿ ಬರೆದುಕೊಂಡ.

"ಪೆನ್ನು ನಿಮ್ಮ ಕೈಲೇ ಇತ್ತು. ಸಂಖ್ಯೆ ಬೇರೆ ಬರೆದಿದ್ರೆ ಆಗಿಹೋಗ್ತಿತ್ತಲ್ಲ ಸಾರ್?"

ಅವರು ಆಕೆಯನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು. "ಅದು ಸುಳ್ಳಾಗ್ತಿತ್ತಮ್ಮ. ಮೂವತ್ತೊಂದು ವರ್ಷದಲ್ಲಿ ಒಂದು ತಪ್ಪು ಸಂಖ್ಯೆ ಬರೆದಿಲ್ಲ ನಾನು."

ತನ್ನ ಪೆನ್ನು ಸುಳ್ಳು ಬರೆಯಬಾರದೆಂದು ಪೊಟ್ಟಣದ ಕೈಲಿ ಸುಳ್ಳು ಹೇಳಿಸಿದ ಪುಣ್ಯಾತ್ಮ! ಇಂಥ ಅಪರಾಧಿಯನ್ನು ಇನ್ಸ್‌ಪೆಕ್ಟರ್ ತನ್ನ ಸೇವೆಯಲ್ಲಿ ಕಂಡಿರಲಿಲ್ಲ. 12.20ಕ್ಕೆ ಬಂಧನದ ಕಾಗದ ತಯಾರಾಯಿತು. ಅದಕ್ಕೆ ಅವರು ಸಹಿ ಹಾಕಿದ ಮೇಲೆ ಆಕೆ ಸುಂಕದ ಪುಸ್ತಕ ತೆಗೆದು, ಗುರುತಿಟ್ಟ ಪುಟ ಬಿಡಿಸಿದಳು. ಹಿಂದಿನ ಸಂಜೆ ಓದಿದಾಗಿನಿಂದ ಅವಳಿಗೆ ಸಮಾಧಾನವಿರಲಿಲ್ಲ.

"ಜೋಡಿಸದೆ ಬಿಡಿಬಿಡಿಯಾಗಿದ್ರೂ, ಎಲ್ಲ ಒಟ್ಟಿಗೆ ಬಂದ್ರೆ ಜೋಡಿಸಿದ ವಸ್ತು ಅಂತಲೇ ಲೆಕ್ಕ. ನಿಯಮ ಸರಿಯಾಗಿ ಓದಿದೀನಾ?"

"ಸರಿ. ಹೊಸಬರಿಗೆ ನಾನೇ ಪಾಠ ಮಾಡ್ತೀನಿ."

"ಈ ಮೋಟರುಗಳ ಕವಚ ಅದೇ ಹಡಗಲ್ಲಿ, ಅದೇ ದಿನ ಬಂದಿವೆ."

ತಕ್ಕಡಿ ಸಾರ್ ಎದ್ದು ನಿಂತವರು ಮತ್ತೆ ಕೂತರು. ಆ ಕಚೇರಿಯಲ್ಲಿ ಯಂತ್ರಗಳ ಬಿಲ್ಲು ಒಂದು ಮೇಜಿಗೆ, ಪ್ಲಾಸ್ಟಿಕ್ಕಿನದು ಇನ್ನೊಂದಕ್ಕೆ. ನಡುವೆ ಪ್ಲೈವುಡ್ಡಿನ ಅಡ್ಡಗೋಡೆ. ಕವಚಗಳ ಬಿಲ್ಲು ಒಂಬತ್ತು ದಿನದಿಂದ ಅದರ ಆಚೆ ಕಡೆ, ಅವರ ಮೊಣಕೈಯಿಂದ ಒಂದು ಗೇಣು ದೂರದಲ್ಲಿ ಬಿದ್ದಿತ್ತು. ಎರಡನ್ನೂ ಕೂಡಿಸಿದ್ದರೆ ಕಾನೂನಿನಂತೆಯೇ ಪೆಟ್ಟಿಗೆ ಹೊರಗೆ ಹೋಗುತ್ತಿತ್ತು. ಪಕ್ಕದ ಮೇಜಿಗೆ ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವರು ಹಣೆ ಚಚ್ಚಿಕೊಳ್ಳಲಿಲ್ಲ, ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಒಂದು ಹಾಳೆ ಕೇಳಿದರು. ಎರಡು ಬಿಲ್ಲುಗಳನ್ನು ಯಾಕೆ ಕೂಡಿಸಬೇಕೆಂದು ಒಂದೂವರೆ ಪುಟ ಬರೆದು, ಮೇಲಧಿಕಾರಿಗೆ ಕೊಡಿ, ನನ್ನ ಸಹಿ ಈಗ ನಡೆಯದು, ಅವರೇ ಓದಿ ನೋಡಲಿ ಎಂದರು. ಜೀಪು ಹತ್ತುವಾಗ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಮೇಲಧಿಕಾರಿ ಓದಿದರು, ಒಪ್ಪಿದರು. ನ್ಯಾಯಾಲಯದ ಅನುಮತಿ ಪಡೆದು ಗುರುವಾರ ಮಧ್ಯಾಹ್ನ ಪೊಲೀಸ್ ಸೀಲು ತೆಗೆದರು. 4.30ಕ್ಕೆ ಕಾರ್ಖಾನೆಯ ಹಿಂದಿನ ಕೋಣೆಯ ಯಂತ್ರಕ್ಕೆ ಹೊಸ ಮೋಟರು ಕೂತಿತು. ಕ್ಲಾರಿನೆಟ್ಟಿನ ಮಾವ ಕಣ್ಣು ಮುಚ್ಚಿ ಕೇಳಿ, ಶ್ರುತಿ ಸೇರಿತು ಎಂದರಂತೆ.

ಶುಕ್ರವಾರ ಹೇಳಿಕೆಗೆ ಸಹಿ ಪಡೆಯಲು ಇನ್ಸ್‌ಪೆಕ್ಟರ್ ಭೂತಗನ್ನಡಿಯ ಜೊತೆ ದರ್ಜಿಯ ಮನೆಗೆ ಹೋದಳು. ಎರಡು ವರ್ಷದ ಹಿಂದೆ ಆ ಮೋಟರುಗಳಿಗೆ ಸಂಖ್ಯೆ ಬರೆದದ್ದು ಅದೇ ಗಿರಾಕಿಯೆಂದು ತಿಳಿಸಿದಳು. ಸರಿಯಾದ ಸಂಖ್ಯೆಯೇ. ಈಕೆ ದಿನಾ ಸುಂಕದ ಕಚೇರಿಗೆ ಬಂದು ಕೌಂಟರಿನಲ್ಲಿ, ಇವತ್ತಾದರೂ ಬಿಡ್ತೀರಾ ಎಂದು ಕೇಳುತ್ತಿದ್ದ ದನಿಯನ್ನು ಒಳಗೆ ಕೂತು ಒಂಬತ್ತು ವಾರ ಕೇಳಿಸಿಕೊಂಡರು. ಹತ್ತನೇ ವಾರ ದನಿ ಬರಲಿಲ್ಲ. ಆಮೇಲೆ ವಿಳಾಸ ಹುಡುಕಿಕೊಂಡು ಪ್ಯಾಂಟು ಹಿಡಿದು ಬರತೊಡಗಿದರು. ಹೇಳಬೇಕೆಂದೇ ಬರುತ್ತಿದ್ದರಂತೆ, ಬಾಯಿ ಬರುತ್ತಿರಲಿಲ್ಲ. ಮತ್ತೆ ಅದೇ ಮೋಟರು ಮೇಜಿಗೆ ಬಂದಾಗ ಕೈ ತಡೆಯಲಿಲ್ಲ.

ದರ್ಜಿಯ ಹೆಂಡತಿ ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ತಡೆದು ನಿಲ್ಲಿಸಿದಳು.

"ಮೊದಲನೇ ದಿನವೇ ಹೇಳಿದ್ರೆ ಬಾಯಿಗೆ ಬಂದಹಾಗೆ ಬಯ್ತಿದ್ದೆ ಮೇಡಂ. ಬಯ್ದು ಮುಗಿಸ್ತಿದ್ದೆ."

ಎದ್ದು ಗೂಟದಿಂದ ಪ್ಯಾಂಟು ತೆಗೆದು, ಇಸ್ತ್ರಿ ಮಾಡಿ, ಮಡಿಸಿ, ಅವರಿಗೆ ತಲುಪಿಸಿ ಎಂದು ಕೊಟ್ಟಳು. ಈ ಸಲ ಬಿಗಿಯೋ ಸಡಿಲವೋ ಎಂದು ಭೂತಗನ್ನಡಿ ಕೇಳಿದ. ಏನೂ ಮಾಡಿಲ್ಲ, ಮೊದಲಿಂದಲೂ ಸರಿಯಾಗೇ ಇತ್ತು ಎಂದಳು. ಅವನು ರಸೀದಿ ಪುಸ್ತಕ ತೆಗೆದು ಸ್ವಲ್ಪ ಯೋಚಿಸಿದ. ಆಮೇಲೆ ಬೂದು ಪ್ಯಾಂಟು, ಬಳಸಿದ್ದು, ಒಂದು ಎಂದು ಬರೆದು ಆಕೆಯ ಸಹಿ ತೆಗೆದುಕೊಂಡ.