ಜಾಗ ಇಲ್ಲ ಎಂದ ಯಂತ್ರ

ಗುರುವಾರ ಬೆಳಿಗ್ಗೆ ಹತ್ತಕ್ಕೆ ಒಬ್ಬ ಮೇಷ್ಟ್ರು ದೂರು ಹಿಡಿದುಕೊಂಡು ಠಾಣೆಗೆ ಬಂದರು. ಕಳೆದ ವರ್ಷ ಅವರ ಹೆಂಡತಿಯ ಶ್ವಾಸಕೋಶದ ಸ್ಕ್ಯಾನ್ ನೋಡಿದ ವೈದ್ಯರು ಏನೂ ಇಲ್ಲ ಎಂದಿದ್ದರು. ಈಗ ರೋಗ ಕೈಮೀರಿತ್ತು. ಹಳೆಯ ಸ್ಕ್ಯಾನ್ ಕೊಡಿ ಎಂದು ಸೋಮವಾರ ಆಸ್ಪತ್ರೆಗೆ ಅರ್ಜಿ ಹಾಕಿದರೆ, ಮಂಗಳವಾರವೇ ಅದು ಅಳಿಸಿಹೋಗಿತ್ತು. ಅಳಿಸಿದವಳು ಸ್ಕ್ಯಾನ್ ಕೋಣೆಯ ಆಪರೇಟರ್. ಸಾಕ್ಷ್ಯನಾಶದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು.

ಇನ್ಸ್‌ಪೆಕ್ಟರ್ ಆಸ್ಪತ್ರೆಗೆ ಹೋದರು. ಜೊತೆಗೆ ಹೆಡ್ ಕಾನ್‌ಸ್ಟೇಬಲ್. ಠಾಣೆಗೆಲ್ಲ ಅವನು ಚಿಕ್ಕಪ್ಪ.

"ಯಾಕಮ್ಮ ಅಳಿಸಿದ್ರಿ?"

"ಅಪಘಾತದ ಕೇಸು ಸ್ಟ್ರೆಚರ್ ಮೇಲಿತ್ತು ಸರ್. ಸ್ಕ್ಯಾನ್ ಸೇವ್ ಆಗ್ತಾನೇ ಇರಲಿಲ್ಲ. 'ಜಾಗ ಇಲ್ಲ' ಅಂತ ಪರದೆ ಮೇಲೆ ಬರ್ತಿತ್ತು. ಹಳೇದು ತೆಗೆದೆ, ಸರಿಹೋಯ್ತು."

"ಯಾರನ್ನೂ ಕೇಳಲಿಲ್ವಾ?"

"ಕಂಪ್ಯೂಟರ್ ಎಂಜಿನಿಯರ್‌ಗೆ ಫೋನ್ ಮಾಡ್ದೆ. ಎಲ್ಲಕ್ಕಿಂತ ಹಳೇದರಿಂದ, ಕಳೆದ ವರ್ಷದ್ದರಿಂದ ಅಳಿಸ್ತಾ ಬಾ ಅಂದ್ರು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಕೆಲಸ ಹೋದ್ರೆ ಹೋಗಲಿ. ಜೈಲಿಗೆ ಹೋದ್ರೆ ಮಗಳಿಗೆ ಏನು ಹೇಳಲಿ ಸರ್?"

ಪಂಚರ ಸಮ್ಮುಖದಲ್ಲಿ ಪಂಚನಾಮೆ ಬರೆದು ಡಿಸ್ಕನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಶನಿವಾರ ಮಧ್ಯಾಹ್ನ ತಜ್ಞೆಯ ಫೋನ್ ಬಂತು: ಅಳಿಸಿದ್ದು ಮರಳಿ ಸಿಗುವುದಿಲ್ಲ. ಆದರೆ ಅಳಿಸುವ ಮೊದಲೂ ಡಿಸ್ಕು ಅರ್ಧಕ್ಕರ್ಧ ಖಾಲಿಯಿತ್ತು.

"ಹಂಗಾದ್ರೆ ಯಂತ್ರವೇ ಸುಳ್ಳು ಹೇಳ್ತಾ?" ಎಂದ ಚಿಕ್ಕಪ್ಪ. "ಅದನ್ನೂ ಒಳಗೆ ಹಾಕೋಣ್ವಾ ಸಾಹೇಬ್ರೆ?"

ತಜ್ಞೆ ಬಿಡಿಸಿ ಹೇಳಿದಳು. ಪ್ರತಿ ಫೈಲಿಗೂ ಒಂದು ಸಂಖ್ಯೆ ಬೇಕು. ಆ ಸಂಖ್ಯೆಗಳಿಗೆ ಮಿತಿಯಿದೆ. ಯಾರೋ ಒಳಗೆ ಏನೂ ಇಲ್ಲದ ಲಕ್ಷಾಂತರ ಫೈಲುಗಳನ್ನು ತುಂಬಿ ಸಂಖ್ಯೆಗಳನ್ನೆಲ್ಲ ಮುಗಿಸಿದ್ದರು. ಸಂಖ್ಯೆ ಮುಗಿದರೂ ಜಾಗ ಮುಗಿದರೂ ಯಂತ್ರ ತೋರಿಸುವುದು ಒಂದೇ ಮಾತು.

"ನಮ್ಮ ಠಾಣೇಲಿ ಜಪ್ತಿ ಮಾಲು ಇಡೋ ಕೋಣೆ ಕತೇನೇ," ಎಂದ ಚಿಕ್ಕಪ್ಪ. "ಹೋದ ವಾರ ಕಪಾಟು ಖಾಲಿ, ಮಾಲಿಗೆ ಕಟ್ಟೋ ನಂಬರ್ ಚೀಟಿ ಮಾತ್ರ ಮುಗಿದಿತ್ತು. ರೈಟರ್ ಮಹಾಶಯ ಜಾಗ ಇಲ್ಲ ಅಂತ ಕದ್ದ ಸೈಕಲ್ಲನ್ನ ನನ್ನ ತಲೆಗೆ ಕಟ್ಟಿದ."

ಇನ್ಸ್‌ಪೆಕ್ಟರ್ ನಗಲಿಲ್ಲ. ಚೀಟಿ ಮುಗಿದದ್ದು ರೈಟರಿಗೆ ಗೊತ್ತಿತ್ತು. ಇಲ್ಲಿ ಯಾರಿಗೆ ಗೊತ್ತಿತ್ತು?

ಸಂಜೆ ನಾಲ್ಕಕ್ಕೆ ಎಂಜಿನಿಯರ್ ಎದುರು ಕೂತಿದ್ದ.

"ಆಪರೇಟರ್ ಫೋನ್ ಮಾಡ್ದಾಗ ಡಿಸ್ಕ್ ನೋಡಿದ್ರಾ?"

"ಇಲ್ಲ ಸರ್. ಪರದೆ ಜಾಗ ಇಲ್ಲ ಅಂತಿತ್ತಲ್ಲ."

"ಆ ಮಾತಿಗೆ ಎರಡು ಕಾರಣ ಇರುತ್ತೆ ಅಂತ ಅವಳಿಗೆ ಗೊತ್ತಿಲ್ಲ. ನಿಮಗೆ?"

ಇನ್ಸ್‌ಪೆಕ್ಟರ್ ತಜ್ಞೆಯ ಮಾತು ಬರೆದುಕೊಂಡ ಹಾಳೆಯನ್ನು ಅವನ ಕಡೆ ತಿರುಗಿಸಿದರು.

"ಖಾಲಿ ಫೈಲೆಲ್ಲ ಸೋಮವಾರ ಸಂಜೆ ನಿಮ್ಮ ಪಾಸ್‌ವರ್ಡಿನಿಂದ ಬಂದಿವೆ."

"ನಾನು ಒಂದು ಸ್ಕ್ಯಾನನ್ನೂ ಅಳಿಸಿಲ್ಲ ಸರ್."

"ಹೌದು. ಆ ಹೆಣ್ಣುಮಗಳ ಕೈಯಲ್ಲಿ ಆ ಕೆಲಸ ಮಾಡಿಸಿದ್ರಿ."

ಆಗ ಅವನು ಬಾಯಿಬಿಟ್ಟ. ಸ್ಕ್ಯಾನ್ ನೋಡಿದ ವೈದ್ಯರು ಅವನ ಅಣ್ಣ. ಅಪ್ಪ ಹೋದ ಮೇಲೆ ಸಾಕಿದವರು. ಅರ್ಜಿ ಬಂದಾಗ ಅಣ್ಣ ಸ್ಕ್ಯಾನನ್ನು ಮತ್ತೆ ತೆಗೆದು ನೋಡಿ, "ಆವತ್ತು ಕಣ್ತಪ್ಪಿತು ಕಣೋ" ಎಂದು ತಲೆ ಹಿಡಿದುಕೊಂಡು ಕೂತಿದ್ದರು.

"ಪರದೆ ಏನು ಹೇಳಬೇಕಿತ್ತು?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

ಅವನು ಯೋಚಿಸಲೇ ಇಲ್ಲ. "ಜಾಗ ಇದೆ, ಫೈಲ್ ಸಂಖ್ಯೆ ಮುಗಿದಿದೆ. ಏನನ್ನೂ ಅಳಿಸಬೇಡಿ, ಎಂಜಿನಿಯರನ್ನು ಕರೆಯಿರಿ."

"ಕರೆದಳಲ್ಲಪ್ಪ," ಎಂದ ಚಿಕ್ಕಪ್ಪ.

ಐದೂವರೆಗೆ ಬಂಧನ ದಾಖಲಾಯಿತು. ಆಪರೇಟರ್ ಮೇಲಿನ ಆರೋಪ ಕೈಬಿಡುವಂತೆ ಇನ್ಸ್‌ಪೆಕ್ಟರ್ ವರದಿ ಬರೆಯುತ್ತಿದ್ದಾಗ ವೈದ್ಯರೇ ಠಾಣೆಗೆ ಬಂದರು. ಲಾಕಪ್ಪಿನ ಕಡೆ ಒಮ್ಮೆ ನೋಡಿ, ಕುರ್ಚಿ ಎಳೆದುಕೊಂಡರು.

"ಸ್ಕ್ಯಾನಿನಲ್ಲಿ ಗಂಟು ಇತ್ತು. ನಾನು ನೋಡಲಿಲ್ಲ. ಮೇಷ್ಟ್ರ ಮನೆಗೆ ಹೋಗಿ ಹೇಳಿಯೇ ಬಂದಿದ್ದೀನಿ, ನೀವೂ ಬರ್ಕೊಳ್ಳಿ." ತಮ್ಮನ ಕಡೆ ತಿರುಗಿ ಅಂದರು: "ಸ್ಕ್ಯಾನನ್ನ ಮೇಷ್ಟ್ರ ಕೈಗಿಟ್ಟೇ ಹೇಳೋಣ ಅಂತಿದ್ದೆ. ಇವನು ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"