ಪಟ್ಟಿಯಲ್ಲಿ ಹದಿಮೂರು, ತಕ್ಕಡಿಯಲ್ಲಿ ಇಪ್ಪತ್ತಾರು

ಹನ್ನೊಂದನೇ ತಾರೀಖು, ಮಂಗಳವಾರ. ಬೆಳಿಗ್ಗೆ ಒಂಬತ್ತು ಮುಕ್ಕಾಲಿಗೆ, ಊರೂರಲ್ಲಿ ಅಂಗಡಿ ಇಟ್ಟ ಕಂಪನಿಯೊಂದರ ಉಗ್ರಾಣದ ಮ್ಯಾನೇಜರ್ ಠಾಣೆಯ ಮೆಟ್ಟಿಲು ಹತ್ತಿದ. ಅವನ ಪ್ಯಾಂಟು ಮೊಣಕಾಲಿನವರೆಗೆ ಬಟ್ಟೆ ಒಗೆಯುವ ನೀಲಿ ದ್ರವದಲ್ಲಿ ತೊಯ್ದಿತ್ತು, ಕಾಲಿಟ್ಟಲ್ಲೆಲ್ಲ ನೊರೆ. ಕೈಯಲ್ಲಿದ್ದ ದೂರು ಮಾತ್ರ ಗರಿಗರಿಯಾಗಿ ಟೈಪ್ ಆಗಿತ್ತು.

ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಉಗ್ರಾಣದ ಏಳನೇ ಸಾಲಿನ ರ‍್ಯಾಕ್ ಕುಸಿದು, ನೂರಿಪ್ಪತ್ತು ಪೆಟ್ಟಿಗೆಗಳು ಕೆಳಗಿನ ಗಾಜಿನ ಕೋಣೆಯ ಮೇಲೆ ಬಿದ್ದಿದ್ದವು. ಕೋಣೆಯಲ್ಲಿದ್ದ ಡೇಟಾ ವಿಭಾಗದ ಮುಖ್ಯಸ್ಥನ ಎರಡೂ ಕಾಲು ಜಜ್ಜಿಹೋಗಿದ್ದವು. ಕಾರಣ: ಫೋರ್ಕ್‌ಲಿಫ್ಟ್ ಚಾಲಕನ ಅಜಾಗರೂಕತೆ.

ಇನ್ಸ್‌ಪೆಕ್ಟರ್ ಕಾಗದದಿಂದ ತಲೆಯೆತ್ತಿದರು. "ಬಿದ್ದು ಒಂದೂವರೆ ಗಂಟೆ ಆಗಿಲ್ಲ. ಆಗ್ಲೇ ಕಾರಣ ಗೊತ್ತಾಗಿ ಟೈಪೂ ಆಗೋಯ್ತಾ?"

"ಗೊತ್ತಾಗೋಕೆ ಏನಿದೆ ಸಾರ್? ಇಟ್ಟವನು ಅವನೇ."

ಹತ್ತು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಚಾಲಕನನ್ನು ಕರೆತಂದರು. ಅವನ ಹಿಂದೆಯೇ ಅವನ ಹೆಂಡತಿಯೂ ಓಡೋಡಿ ಬಂದಳು. ಅವಸರದಲ್ಲಿ ಒಂದೊಂದು ಕಾಲಿಗೆ ಒಂದೊಂದು ಬಗೆಯ ಚಪ್ಪಲಿ.

"ಪೆಟ್ಟಿಗೆ ಪೇರಿಸಿದ ಪ್ಯಾಲೆಟ್ ಎಷ್ಟು ಇಟ್ಟೆ?"

"ಮೂರು ಸಾರ್. ಸೋಮವಾರ ಎರಡು, ಇವತ್ತು ಬೆಳಿಗ್ಗೆ ಒಂದು."

"ಭಾರ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಬಂಡಿ ತಿಣುಕಾಡ್ತು. ಮ್ಯಾನೇಜರ್‌ಗೆ ಹೇಳ್ದೆ. ಕಂಪ್ಯೂಟರ್ ಪರದೆ ಎಲ್ಲಿಡು ಅನ್ನುತ್ತೋ ಅಲ್ಲಿಡು, ನಿನ್ನ ಬುದ್ಧಿ ಮನೇಲಿಟ್ಟು ಬಾ ಅಂದ್ರು."

ಹೆಂಡತಿ ಮೇಜಿನ ಅಂಚು ಹಿಡಿದುಕೊಂಡಳು. "ಕಂಪ್ಯೂಟರ್ ಹೇಳಿದ್ದು ಮಾಡಿದ್ರೆ ಇವರ ತಪ್ಪು. ಮಾಡದೇ ಇದ್ರೂ ಇವರದ್ದೇ ತಪ್ಪು. ಕಂಪ್ಯೂಟರ್‌ನ ಹಿಡ್ಕೊಂಡು ಬನ್ನಿ ಸಾರ್."

ಕಾನ್‌ಸ್ಟೇಬಲ್‌ಗಳು ನಕ್ಕರು. ಇನ್ಸ್‌ಪೆಕ್ಟರ್ ನಗಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿ, "ಅಕ್ಕಾ, ನಡೀರಿ, ಪಂಚನಾಮೆಗೆ" ಎಂದರು. ಹೆಡ್ ಕಾನ್‌ಸ್ಟೇಬಲ್ ಐವತ್ತು ದಾಟಿದ ಹೆಂಗಸು. ಠಾಣೆಯ ಹಳೆಯ ಕಡತಗಳೆಲ್ಲ ಆಕೆಗೆ ಬಾಯಿಪಾಠ, ಹಾಗಾಗಿ ಎಲ್ಲರ ಬಾಯಲ್ಲೂ ಆಕೆ ದಫ್ತರದಕ್ಕ.

ಉಗ್ರಾಣದ ನೆಲದ ಮೇಲೆ ನೊರೆ ಇನ್ನೂ ಇಂಗಿರಲಿಲ್ಲ. ಇಬ್ಬರು ಪಂಚರ ಎದುರು ಒಡೆಯದೆ ಉಳಿದ ಪೆಟ್ಟಿಗೆಯೊಂದನ್ನು ತಕ್ಕಡಿಯ ಮೇಲಿಡಲು ಇನ್ಸ್‌ಪೆಕ್ಟರ್ ಹೇಳಿದರು. ತಕ್ಕಡಿ ನೋಡಿಕೊಳ್ಳುವವಳು ಮೂವತ್ತೈದರ ಸುಮಾರಿನ ಹೆಂಗಸು. ಹೊಸ ಸರಕು ಬಂದಾಗ ಮೊದಲ ಪೆಟ್ಟಿಗೆಯ ಉದ್ದ, ಅಗಲ, ತೂಕ ತೆಗೆಯುವುದು ಅವಳ ಕೆಲಸ. ಎಲ್ಲರೂ ಅಳತೆಯಕ್ಕ ಎಂದು ಕರೆಯುತ್ತಿದ್ದರು.

"ಇಪ್ಪತ್ತಾರು ಪಾಯಿಂಟ್ ಒಂದು ಕೇಜಿ," ಅವಳು ಪಂಚರಿಗೂ ಕೇಳುವಂತೆ ಓದಿದಳು. "ಇನ್ನೊಂದು ತೂಗ್ಲಾ ಸಾರ್?"

"ತೂಗಿ."

ಅದೂ ಅಷ್ಟೇ ಬಂತು. ಕಂಪ್ಯೂಟರ್ ಪಟ್ಟಿಯಲ್ಲಿ ಅದೇ ಪೆಟ್ಟಿಗೆಯ ತೂಕ ಹದಿಮೂರು ಕೇಜಿ ಎಂದಿತ್ತು.

ಮ್ಯಾನೇಜರ್ ಬೆವರೊರೆಸಿಕೊಳ್ಳುತ್ತ ವಿವರಿಸಿದ. ಸರಕು ಕಳಿಸುವ ಕಂಪನಿಗಳು ತಮ್ಮ ಪ್ರತಿ ವಸ್ತುವಿನ ತೂಕ, ಅಳತೆ, ಡಬ್ಬಿಯ ಎಣಿಕೆಗಳನ್ನು ಎಲ್ಲರೂ ನೋಡಬಹುದಾದ ಒಂದು ಪಟ್ಟಿಗೆ ಹಾಕುತ್ತವೆ. ಅಂಗಡಿ ಕಂಪನಿಯ ಡೇಟಾ ವಿಭಾಗ ಅದನ್ನು ತನ್ನ ಪಟ್ಟಿಗೆ ಇಳಿಸಿಕೊಳ್ಳುತ್ತದೆ. ಸರಕು ಬಂದಾಗ ತೂಗಿ ನೋಡಿ, ವ್ಯತ್ಯಾಸವಿದ್ದರೆ ತಿದ್ದುತ್ತಾರೆ. ಅದರ ಮೇಲೆ ಕಂಪ್ಯೂಟರ್ ತೀರ್ಮಾನಿಸುತ್ತದೆ: ಭಾರದ್ದು ನೆಲಕ್ಕೆ, ಹಗುರವಾದದ್ದು ಏಳನೇ ಸಾಲಿನ ಮೇಲಿನ ಅಂತಸ್ತಿಗೆ. ಇನ್ಸ್‌ಪೆಕ್ಟರ್ ಬೆರಳು ಮಡಚಿ ಲೆಕ್ಕ ಹಾಕಿದರು. ಪ್ಯಾಲೆಟ್ಟಿಗೆ ನಲವತ್ತು ಪೆಟ್ಟಿಗೆ, ಮೂರು ಪ್ಯಾಲೆಟ್. ಸಾವಿರದ ಎಂಟುನೂರು ಕೇಜಿ ಹೊರಬಲ್ಲ ಕಬ್ಬಿಣದ ಮೇಲೆ ಮೂರು ಸಾವಿರ ದಾಟಿ ಕೂತಿತ್ತು.

"ತಪ್ಪು ಕಳಿಸಿದವರು ಸರಬರಾಜು ಕಂಪನಿಯವರು ಸಾರ್," ಎಂದ ಮ್ಯಾನೇಜರ್.

ಮಧ್ಯಾಹ್ನ ಎರಡಕ್ಕೆ ಸರಬರಾಜು ಕಂಪನಿಯ ಪ್ರತಿನಿಧಿ ಬಂದ. "ನಾವು ಕಳಿಸಿದ್ದು ಇಪ್ಪತ್ತಾರು. ನೋಡಿ, ತಾರೀಖು ಸಮೇತ ಇದೆ. ಇವರು ನಮ್ಮ ಅಂಕಿಯನ್ನ ಯಾವತ್ತು ನೆಟ್ಟಗೆ ಇಟ್ಕೊಂಡಿದ್ದಾರೆ?" ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಇಬ್ಬರೂ ಜಗಳಕ್ಕೆ ನಿಂತರು. ಇನ್ಸ್‌ಪೆಕ್ಟರ್ ಇಬ್ಬರನ್ನೂ ಹೊರಗೆ ಕಳಿಸಿ, ಪಟ್ಟಿಯಲ್ಲಿ ಯಾವಾಗ ಏನು ಬದಲಾಗಿದೆ ಎಂಬ ದಾಖಲೆ ತರಿಸಿದರು. ನಾಲ್ಕನೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ, ಇದೇ ಉಗ್ರಾಣದ ಕಂಪ್ಯೂಟರಿನಿಂದ ಇಪ್ಪತ್ತಾರು ಹೋಗಿ ಹದಿಮೂರಾಗಿತ್ತು.

"ಆ ಕಂಪ್ಯೂಟರ್ ಯಾರು ಮುಟ್ತಾರೆ?"

"ಆರು ಜನ. ಪಾಸ್‌ವರ್ಡ್ ಒಂದೇ ಸಾರ್. ಮರೆತುಹೋಗುತ್ತೆ ಅಂತ ಪರದೆ ಮೇಲೇ ಅಂಟಿಸಿದ್ದೀವಿ."

"ಬೀಗ ಹಾಕಿ ಕೀಲಿ ಬಾಗಿಲಿಗೇ ನೇತುಹಾಕಿದ ಹಾಗೆ," ಎಂದು ದಫ್ತರದಕ್ಕ ಗೊಣಗಿದಳು.

ತಕ್ಕಡಿಯ ಪಕ್ಕದ ಕಂಬಿಗೆ ತೂಕದ ಚೀಟಿಗಳನ್ನು ಚುಚ್ಚಿಟ್ಟಿದ್ದರು. ನಾಲ್ಕನೇ ತಾರೀಖಿನ ಚೀಟಿ ಸಿಕ್ಕಿತು: ಇಪ್ಪತ್ತಾರು ಪಾಯಿಂಟ್ ಒಂದು, ಕೆಳಗೆ ಅಳತೆಯಕ್ಕನ ಸಹಿ. ಸರಿಯಾಗಿ ತೂಗಿ, ಸರಿಯಾದ ಚೀಟಿಯನ್ನು ಜೋಪಾನ ಮಾಡಿದವಳು ತಪ್ಪು ಅಂಕಿ ಹೊಡೆದಾಳೆಯೇ? ಇನ್ಸ್‌ಪೆಕ್ಟರ್ ಅವಳನ್ನು ಬಿಟ್ಟು ಉಳಿದ ಐವರ ಬಗ್ಗೆ ವಿಚಾರಿಸಿದರು. ಒಬ್ಬ ರಜೆಯಲ್ಲಿದ್ದ. ಮೂವರು ಆ ಹೊತ್ತಿಗೆ ಲಾರಿ ಇಳಿಸುತ್ತಿದ್ದರು. ಐದನೆಯವನು ಗಾಯಗೊಂಡ ಮುಖ್ಯಸ್ಥನೇ. ಬುಧವಾರ ಸಂಜೆಗೆ ತನಿಖೆ ಹೊರಟಲ್ಲಿಗೇ ಬಂದು ನಿಂತಿತು.

ಗುರುವಾರ ಬೆಳಿಗ್ಗೆ ಕ್ಯಾಮೆರಾ ದೃಶ್ಯಗಳ ಪ್ರತಿ ಸಿದ್ಧವಾಗುವವರೆಗೆ ಇನ್ಸ್‌ಪೆಕ್ಟರನ್ನೂ ದಫ್ತರದಕ್ಕನನ್ನೂ ಉಗ್ರಾಣದ ತರಬೇತಿ ಕೋಣೆಯಲ್ಲಿ ಕೂರಿಸಿದರು. ಗೋಡೆಯ ಮೇಲೊಂದು ದೊಡ್ಡ ಫಲಕ. ಫೋರ್ಕ್‌ಲಿಫ್ಟ್ ಮೇಲೆ ಕೂತು ನಗುತ್ತಿರುವ ಇಪ್ಪತ್ತೈದರ ಯುವಕ, ಪಕ್ಕದಲ್ಲಿ ಕುಸಿದ ರ‍್ಯಾಕಿನ ಚಿತ್ರ, ಕೆಳಗೆ ದಪ್ಪ ಅಕ್ಷರ: ಇವನಂತಾಗಬೇಡಿ.

"ಯಾರಿದು?"

"ನಮ್ಮ ಹಳೇ ಉಗ್ರಾಣದ ಚಾಲಕ ಸಾರ್, ರ‍್ಯಾಕ್ ಮೈಮೇಲೆ ಬಿದ್ದು ಸತ್ತು ಐದು ವರ್ಷ ಆಯ್ತು," ಎಂದ ಮ್ಯಾನೇಜರ್. "ಹೊಸಬರು ಸೇರಿದ ದಿನ ಪಟ್ಟಿ ಸಾಹೇಬ್ರೇ ಇಲ್ಲಿ ನಿಂತು ಇವನ ಕತೆ ಹೇಳ್ತಾರೆ." ಕಾಲು ಜಜ್ಜಿಹೋದ ಡೇಟಾ ಮುಖ್ಯಸ್ಥನಿಗೆ ಕೆಲಸಗಾರರು ಇಟ್ಟ ಹೆಸರು ಪಟ್ಟಿ ಸಾಹೇಬ.

ಇನ್ಸ್‌ಪೆಕ್ಟರ್ ಎದ್ದು ಫಲಕದ ಹತ್ತಿರಕ್ಕೆ ಹೋದರು. ಆ ಮುಖದಲ್ಲಿ ನಗು ಇಲ್ಲದಾಗ ಅವರು ಅದನ್ನು ನೋಡಿದ್ದರು. ಆಗ ಅವರು ಸಬ್ ಇನ್ಸ್‌ಪೆಕ್ಟರ್.

ಕ್ಯಾಮೆರಾದಲ್ಲಿ ಮೂರು ತುಣುಕುಗಳಿದ್ದವು. ಚಾಲಕ ಆ ಮೂರು ಪ್ಯಾಲೆಟ್‌ಗಳನ್ನು ಏಳನೇ ಸಾಲಿಗೆ ಏರಿಸಿದ ಮೂರೂ ಸಲ, ಅಳತೆಯಕ್ಕ ತಕ್ಕಡಿ ಬಿಟ್ಟು ಬಂದು ರ‍್ಯಾಕಿನ ಬುಡದಲ್ಲಿ, ಬಂಡಿಯ ಪಕ್ಕಕ್ಕೇ ನಿಂತಿದ್ದಳು. ಬಂಡಿ ಹಿಂದೆ ಸರಿದ ಮೇಲೆ ಮೇಲೊಮ್ಮೆ ನೋಡಿ ಹೊರಟುಹೋಗುತ್ತಿದ್ದಳು. ಬೇರೆ ಯಾವ ಸರಕು ಏರಿಸುವಾಗಲೂ ಅವಳು ಅಲ್ಲಿರಲಿಲ್ಲ.

"ಅಕ್ಕಾ, ಐದು ವರ್ಷದ ಹಿಂದಿನ ಆ ಕಡತ..."

"ಮೂರನೇ ಬೀರು, ಕೆಳಗಿನ ಖಾನೆ," ಎಂದಳು ದಫ್ತರದಕ್ಕ. ಒಂದು ಗಂಟೆಯೊಳಗೆ ಧೂಳು ಕೊಡವಿ ತಂದಳು.

ಪಂಚನಾಮೆ ಒಂದೂವರೆ ಪುಟ. ಪೆಟ್ಟಿಗೆಯ ತೂಕದ ಮಾತೇ ಅದರಲ್ಲಿರಲಿಲ್ಲ. ಕಂಪನಿಯ ಕಾಗದದಲ್ಲಿದ್ದ ಸಾಲನ್ನು ಹಾಗೇ ಇಳಿಸಲಾಗಿತ್ತು: ಚಾಲಕನ ಅಜಾಗರೂಕತೆ. ಕೆಳಗಿನ ಸಹಿ ಇನ್ಸ್‌ಪೆಕ್ಟರರದೇ. ಕೊನೆಯ ಹಾಳೆ ಶವ ಪಡೆದ ರಸೀದಿ. ಪಡೆದವರು, ಮೃತನ ಅಕ್ಕ. ದಫ್ತರದಕ್ಕ ತೂಕದ ಚೀಟಿಯನ್ನು ಅದರ ಪಕ್ಕ ಇಟ್ಟಳು. ಚೀಟಿಯ ಸಹಿಯಲ್ಲಿ ಮನೆತನದ ಹೆಸರು ಬೇರೆ, ಮದುವೆಯಾದ ಮೇಲಿನದು. ಮೊದಲ ಅಕ್ಷರದ ತಲೆಕಟ್ಟನ್ನು ಎಡಕ್ಕೆ ಚಾಚಿ ಎಳೆಯುವ ಕೈ ಮಾತ್ರ ಒಂದೇ.

"ಆಗ ತೂಗಿರ್ಲಿಲ್ವಾ ಸಾರ್?" ದಫ್ತರದಕ್ಕ ಮೆಲ್ಲಗೆ ಕೇಳಿದಳು.

"ಇಲ್ಲ ಅಕ್ಕ. ಮೇಲಿನವರು ಅವತ್ತೇ ಮುಗಿಸು ಅಂದಿದ್ರು. ನಾನೂ ಮುಗಿಸ್ದೆ."

ಸಂಜೆ ನಾಲ್ಕಕ್ಕೆ ತರಬೇತಿ ಕೋಣೆಗೆ ಅಳತೆಯಕ್ಕನನ್ನು ಕರೆಸಿದರು. ಅವಳು ಫಲಕಕ್ಕೆ ಬೆನ್ನು ಹಾಕಿ ಕೂತಳು.

"ನಾಲ್ಕನೇ ತಾರೀಖು ಆ ಪೆಟ್ಟಿಗೆ ತೂಗಿದ್ದು ಯಾರು?"

"ನಾನೇ."

"ಎಷ್ಟು ಬಂತು?"

"ಇಪ್ಪತ್ತಾರು ಪಾಯಿಂಟ್ ಒಂದು."

"ಕಂಪ್ಯೂಟರ್‌ನಲ್ಲಿ ಹೊಡೆದದ್ದು?"

"ಹದಿಮೂರು."

ಬರೆದುಕೊಳ್ಳುತ್ತಿದ್ದ ದಫ್ತರದಕ್ಕನ ಪೆನ್ನು ನಿಂತಿತು. ಸುಳ್ಳು, ಅಳು, ಆಣೆಗಳಿಗೆ ಸಿದ್ಧರಾಗಿ ಬಂದಿದ್ದ ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಕಡತ ಮುಚ್ಚಿದರು. ಅಳತೆಯಕ್ಕನೇ ಮುಂದುವರಿಸಿದಳು.

"ಐದು ವರ್ಷದ ಹಿಂದೆ ಅಡುಗೆ ಎಣ್ಣೆ ಕಂಪನಿ ಪೆಟ್ಟಿಗೆಗೆ ಆರು ಡಬ್ಬಿ ತುಂಬ್ತಿದ್ದದ್ದನ್ನ ಹನ್ನೆರಡು ಮಾಡ್ತು. ತೂಕ ಎರಡರಷ್ಟಾಗಿದೆ, ಪಟ್ಟಿ ತಿದ್ಕೊಳಿ ಅಂತ ಮೂರು ಸಲ ಬರೆದ್ರು. ಆ ಮೂರು ಕಾಗದ ಇಲ್ಲೇ, ಹಳೇ ಉಗ್ರಾಣದಿಂದ ತಂದ ಕಾಗದದ ಪೆಟ್ಟಿಗೇಲಿ ನನಗೆ ಸಿಕ್ತು. ಪಟ್ಟಿ ಸಾಹೇಬ ತಿದ್ದಲಿಲ್ಲ. ಅರವತ್ತು ಸಾವಿರ ವಸ್ತು ಇದೆಯಂತೆ, ಒಂದೊಂದನ್ನೂ ಯಾರು ನೋಡ್ತಾ ಕೂತ್ಕೋತಾರೆ ಅಂತ. ನನ್ನ ತಮ್ಮ ಪರದೆ ನೋಡಿ ಮೇಲಿಟ್ಟ. ಅವನ ಹೆಣ ಹೊರಗೆ ತೆಗೆಯೋ ಮೊದ್ಲೇ ಸಾಹೇಬ ಪಟ್ಟಿ ತಿದ್ದಿದ್ದ."

"ಇದನ್ನ ಪೊಲೀಸರಿಗೆ ಹೇಳಬಹುದಿತ್ತಲ್ಲ?"

"ಬಂದಿದ್ದೆ ಸಾರ್, ಎರಡು ವರ್ಷ ಆಯ್ತು. ಆ ಕಾಗದಗಳ ನಕಲು ಹಿಡ್ಕೊಂಡು. ಮುಗಿದ ಕೇಸಮ್ಮ, ಹೋಗು ಅಂದ್ರಿ. ಏನೋ ಬರೀತಿದ್ರಿ. ತಲೆ ಎತ್ತಲಿಲ್ಲ."

ಆ ದಿನವನ್ನು ನೆನಪಿಸಿಕೊಳ್ಳಲು ಇನ್ಸ್‌ಪೆಕ್ಟರ್ ಯತ್ನಿಸಿದರು. ಎಷ್ಟೋ ಜನ ಬಂದು ಹೋಗುವ ಮೇಜು. ಒಂದು ಮುಖವೂ ಕಣ್ಣ ಮುಂದೆ ಬರಲಿಲ್ಲ.

"ಈ ಕೆಲಸಕ್ಕೆ ಸೇರಿದ್ದೇ ಇದಕ್ಕಾ?"

"ಇಲ್ಲ. ಅವನಿಗಾದದ್ದು ಇನ್ನೊಬ್ಬರಿಗೆ ಆಗಬಾರ್ದು, ತೂಕದ ಮುಂದೆ ನಾನೇ ನಿಂತಿರ್ತೀನಿ ಅಂತ ಸೇರ್ದೆ. ಮೊದಲನೇ ದಿನ ಇದೇ ಕುರ್ಚೀಲಿ ಕೂರಿಸಿದ್ರು." ಅವಳು ತಿರುಗದೆ ಹೆಬ್ಬೆರಳಿನಿಂದ ಹಿಂದಿನ ಫಲಕ ತೋರಿಸಿದಳು. "ಆ ಫೋಟೋ ತೆಗೆದಿದ್ದು ನಾನು. ಅವನಿಗೆ ಬಂಡಿ ಓಡಿಸೋ ಪರವಾನಗಿ ಸಿಕ್ಕಿದ ದಿನ. ಸಾಹೇಬ ಅದರ ಮೇಲೆ ಕೋಲು ಕುಟ್ಟಿ, ಈ ದಡ್ಡ ಕಣ್ಣು ಬಿಟ್ಕೊಂಡೇ ಸತ್ತ ಅಂದ. ಎಲ್ಲರೂ ನಕ್ಕರು. ಹೊಸದಾಗಿ ಸೇರಿದವಳಲ್ವಾ ಸಾರ್? ನಾನೂ ನಕ್ಕೆ."

ಅಲ್ಲಿಂದ ಮುಂದೆ ಅವಳು ಎರಡೂವರೆ ವರ್ಷ ಕಾದಿದ್ದಳು. ಈ ಉಗ್ರಾಣದಲ್ಲಿ ಪಟ್ಟಿ ಸಾಹೇಬನ ಗಾಜಿನ ಕೋಣೆ ಏಳನೇ ಸಾಲಿನ ಬುಡಕ್ಕೆ ಬಂದದ್ದು ಕಳೆದ ತಿಂಗಳು. ಹನ್ನೆರಡು ಡಬ್ಬಿಯ, ಇಪ್ಪತ್ತಾರು ಕೇಜಿಯ ಹೊಸ ಸರಕು ಬಂದದ್ದು ಈ ತಿಂಗಳು. ಅಂಕಿಯನ್ನು ಅರ್ಧ ಮಾಡಲು ಅವಳಿಗೆ ಹಿಡಿದದ್ದು ಅರೆ ನಿಮಿಷ.

"ಆ ಚಾಲಕ?" ಇನ್ಸ್‌ಪೆಕ್ಟರ್ ದನಿ ಏರಿತು. "ಅವನಿಗೂ ಹೆಂಡತಿ ಇದ್ದಾಳೆ. ಅವನು ಇಡೋವಾಗ್ಲೇ ಕುಸಿದಿದ್ರೆ? ನಿನ್ನ ತಮ್ಮನ ಥರಾನೇ ಸಾಯ್ತಿದ್ದ."

ಮೊದಲ ಬಾರಿಗೆ ಅವಳ ಮುಖ ಬಿಳಿಚಿತು. "ಗೊತ್ತು. ಅದಕ್ಕೇ ಅವನಿಟ್ಟಾಗಲೆಲ್ಲ ನಾನೂ ಕೆಳಗೆ ನಿಂತೆ. ಬಿದ್ರೆ ಇಬ್ಬರ ಮೇಲೂ ಬೀಳಲಿ ಅಂತ."

"ಅದರಿಂದ ಅವನು ಬದುಕ್ತಿದ್ನಾ?"

ಇನ್ಸ್‌ಪೆಕ್ಟರ್ ತೂಕದ ಚೀಟಿಯನ್ನು ಅವಳ ಮುಂದಿಟ್ಟರು.

"ಆ ಚೀಟಿ ಯಾಕೆ ಬಿಟ್ಟೆ? ಹರಿದು ಬಿಸಾಡಿದ್ರೆ ನಮಗೆ ಏನೂ ಸಿಗ್ತಿರಲಿಲ್ಲ."

"ಕಂಪ್ಯೂಟರ್‌ನಲ್ಲಿ ಸುಳ್ಳು ಹೊಡೆದದ್ದು ತಮ್ಮನಿಗೋಸ್ಕರ. ತಕ್ಕಡಿ ನನ್ನದು ಸಾರ್. ಮತ್ತೆ..." ಅವಳು ನೇರವಾಗಿ ಅವರ ಕಣ್ಣು ನೋಡಿದಳು. "ಈ ಸಲ ನೀವು ತೂಗ್ತೀರೋ ಇಲ್ಲವೋ ನೋಡಬೇಕಿತ್ತು."

ಗುರುವಾರ, ಹದಿಮೂರನೇ ತಾರೀಖು, ಸಂಜೆ ಐದು ಹತ್ತಕ್ಕೆ ಬಂಧನ. ದಫ್ತರದಕ್ಕ ಅವಳ ತೋಳು ಹಿಡಿದು ತಕ್ಕಡಿಯ ಮುಂದಿನಿಂದ ನಡೆಸಿಕೊಂಡು ಹೋದಳು. ಕೆಲಸಗಾರರು ದಾರಿ ಬಿಟ್ಟರು. ಅದೇ ಸಂಜೆ ಚಾಲಕನನ್ನು ಬಿಡುಗಡೆ ಮಾಡಿದರು. ಅವನ ಹೆಂಡತಿ ಹೊರಡುವಾಗ ಅಳತೆಯಕ್ಕನಿದ್ದ ಲಾಕಪ್ಪಿನ ಕಂಬಿಗಳ ಮುಂದೆ ನಿಂತು, ಬೈಯಲು ಬಾಯಿ ತೆರೆದವಳು ಗಂಡನ ಕೈ ಹಿಡಿದು ಹೊರಟುಹೋದಳು.

ಶುಕ್ರವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಎರಡು ಕೆಲಸ ಮಾಡಿದರು. ಮೊದಲು ಆಸ್ಪತ್ರೆಗೆ ಹೋಗಿ ಪಟ್ಟಿ ಸಾಹೇಬನ ಹೇಳಿಕೆ ಪಡೆದರು. ಅಳತೆಯಕ್ಕ ಕೊಟ್ಟ ಆ ಮೂರು ಕಾಗದಗಳನ್ನು ಅವನ ಹಾಸಿಗೆಯ ಮೇಲೆ ಹರಡಿದಾಗ ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ಐದು ವರ್ಷದ ಹಿಂದಿನ ಪ್ರಕರಣದ ಮರುತನಿಖೆಗೆ ಅನುಮತಿ ಕೋರಿ ಪತ್ರ ಬರೆದರು. ಮೇಲಧಿಕಾರಿಯ ಫೋನ್ ಬಂತು: "ಕೆರೆದು ಹುಣ್ಣು ಮಾಡ್ಕೋತಿದ್ದೀಯ. ನಿನ್ನ ಹೆಸರೂ ಇದೆ ಅದರಲ್ಲಿ."

"ಇದೆ ಸಾರ್. ಪತ್ರದ ಎರಡನೇ ಪ್ಯಾರಾದಲ್ಲೇ ಬರೆದಿದ್ದೀನಿ."

ಹನ್ನೊಂದೂವರೆಗೆ ಅಳತೆಯಕ್ಕನನ್ನು ನ್ಯಾಯಾಲಯಕ್ಕೆ ಕರೆದೊಯ್ಯಲು ವ್ಯಾನ್ ಬಂತು. ಅವರು ಆ ಪತ್ರದ ಪ್ರತಿಯನ್ನು ಅವಳಿಗೆ ಕೊಟ್ಟರು. ಅವಳು ಒಂದಕ್ಷರವನ್ನೂ ಬಿಡದೆ ಓದಿದಳು.

"ಕ್ಷಮಿಸಿದೆ ಅಂತೀನಿ ಅಂದ್ಕೊಂಡ್ರಾ?"

"ಇಲ್ಲ."

"ಅನ್ನಲ್ಲ." ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗೈಯಲ್ಲಿ ಬಿಗಿಹಿಡಿದಳು. "ಆ ಸಾಹೇಬನಿಗೆ ಹೇಳಿದ್ರಾ, ಯಾರು ಮಾಡಿದ್ದು ಅಂತ?"

"ಹೇಳ್ದೆ."

"ಏನಂದ?"

ಸುಳ್ಳು ಹೇಳಿಬಿಡಬಹುದಿತ್ತು. ಇನ್ಸ್‌ಪೆಕ್ಟರ್ ಹೇಳಲಿಲ್ಲ. "ಆ ಸತ್ತ ಹುಡುಗನಿಗೊಬ್ಬಳು ಅಕ್ಕ ಇದ್ಲಾ ಅಂತ ಕೇಳಿದ."

ಎರಡೂವರೆ ವರ್ಷ ದಿನವೂ ಆ ಮನುಷ್ಯನ ಮೇಜಿಗೆ ತೂಕದ ಪಟ್ಟಿ ಒಯ್ದಿಟ್ಟವಳು ವ್ಯಾನಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಾಗೇ ನಿಂತಳು. ದಫ್ತರದಕ್ಕ ಅವಸರ ಮಾಡಲಿಲ್ಲ.

"ಈಗ ಗೊತ್ತಾಯ್ತಲ್ಲ," ಎಂದಳು ಅಳತೆಯಕ್ಕ ಕೊನೆಗೆ. "ಇನ್ನು ಮೇಲೆ ಎದ್ದು ನಿಲ್ಲೋಕೆ ಹೊರಟಾಗಲೆಲ್ಲ ನೆನಪಿಸ್ಕೊಳ್ಳಲಿ."

ವ್ಯಾನಿನ ಬಾಗಿಲು ಹಾಕಿಕೊಂಡಿತು. ಇನ್ಸ್‌ಪೆಕ್ಟರ್ ಒಳಗೆ ಬಂದು ದಿನಚರಿಯಲ್ಲಿ ಸಮಯ ಬರೆದರು: ಹನ್ನೊಂದು ನಲವತ್ತು.