ಕುರಿಯ ಕೊರಳಲ್ಲಿ ಸಿಂಹದ ಪಟ್ಟಿ

ಜನವರಿ ಒಂಬತ್ತರ ಬೆಳಿಗ್ಗೆ ಠಾಣೆಗೆ ಬಂದ ದೂರನ್ನು ಸಾರ್ಜೆಂಟ್ ಇಸ್ಮಾಯೆಲ್ ಕಿಲೋದ್ರಾನ್ ಎರಡು ಸಲ ಹೇಳಿಸಿಕೊಂಡ. ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ಕುರಿಯೊಂದರ ಕೊರಳಿನಿಂದ ಸಿಂಹಕ್ಕೆ ಕಟ್ಟಿದ್ದ ರೇಡಿಯೊ ಪಟ್ಟಿ ಸಿಕ್ಕಿತ್ತು. ದಕ್ಷಿಣ ಅಮೆರಿಕದ ಪಟಗೋನಿಯಾದ ಈ ಬೋಳುಗುಡ್ಡಗಳಲ್ಲಿ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕನ್ನು ಎಲ್ಲರೂ ಸಿಂಹವೆಂದೇ ಕರೆಯುತ್ತಾರೆ.

ದೂರುದಾರಳು ಆರು ವರ್ಷಗಳಿಂದ ಪ್ಯೂಮಾಗಳ ಬೆನ್ನುಬಿದ್ದಿದ್ದ ಸಂಶೋಧಕಿ ಅಂಪಾರೊ ಎಚೆನಿಕೆ.

"ಅದು ಸಿಂಹಿಣಿ ಪಾರ್ದಳ ಪಟ್ಟಿ. ಅವಳು ಓಡಾಡ್ತಿದ್ದಾಳೆ ಅಂತ ಯಂತ್ರ ದಿನಾ ಹೇಳ್ತಿತ್ತು. ಓಡಾಡ್ತಿದ್ದದ್ದು ಕುರಿ."

"ಹತ್ತಿರ ಹೋಗಿ ನೋಡಲಿಲ್ವಾ?"

"ಹಾಲು ಕುಡಿಯೋ ಮರಿ ಎರಡಿದ್ವು. ಅಂಥಾ ಹೊತ್ತಲ್ಲಿ ಹತ್ತಿರ ಹೋಗಬಾರದು ಅಂತ ನಿಯಮ ಮಾಡಿದ್ದೇ ನಾನು. ತಾಯಿ ಎಲ್ಲಿ ಸತ್ತಳು ಅಂತ ಕಂಡುಹಿಡೀರಿ. ಮರಿಗಳು ಬದುಕಿದ್ರೆ ಇವತ್ತೇ ಬೇಕು."

ಎಫ್‌ಐಆರ್ ಬರೆದು ಮುಗಿಸಿದ ಕೂಡಲೇ ಅಂಪಾರೊಳನ್ನೂ ಹತ್ತಿಸಿಕೊಂಡು ಜೀಪು ಹೊರಟಿತು. ಕೊಟ್ಟಿಗೆಯಲ್ಲಿ ಉಣ್ಣೆ ಕತ್ತರಿಸುವವರು ಮಾಟೆ ಎಂಬ ಕಹಿ ಎಲೆಚಹಾ ಹೀರುತ್ತಾ ಕಾದಿದ್ದರು.

"ಕುರೀನ ಒಳಗೆ ಹಾಕ್ತೀರಾ ಸಾರ್ಜೆಂಟ್?" ಒಬ್ಬ ಕೇಳಿದ. "ಸಿಂಹಾನ ತಿಂದು ತೇಗಿದೆ ನೋಡಿ."

ನಾಲ್ಕು ವರ್ಷ ಉಣ್ಣೆಕತ್ತರಿಗೆ ಸಿಗದೆ ಗುಡ್ಡದಲ್ಲೇ ಉಳಿದಿದ್ದ ಪುಂಡ ಕುರಿಯದು. ಈ ಸಲ ಹೊಸ ನಾಯಿಗಳು ಅಟ್ಟಿಸಿಕೊಂಡು ತಂದಿದ್ದವು. ಪಟ್ಟಿ ಕಟ್ಟಿದವನಿಗೆ ಅದು ಕೊಟ್ಟಿಗೆಗೆ ಬರುವುದೇ ಇಲ್ಲ ಎಂಬ ಭರವಸೆ ಇದ್ದಿರಬೇಕು.

ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೆಬಲ್ ರೊಸೌರಾ ಪಟ್ಟಿಯನ್ನು ಮಗುಚಿದಳು. ಒಳಮೈಗೆ ಮೆತ್ತನೆ ಕುರಿಚರ್ಮ, ಅಂಚಿಗೆ ತೊಗಲ ದಾರದ ಜಡೆಹೊಲಿಗೆ.

"ಕುರಿಗೆ ಕೊರಳು ತರಚಬಾರದು ಅಂತ ಹೊಲಿದಿದ್ದಾನೆ ಸರ್."

"ಸಿಂಹಾನ ಕೊಂದೋನಿಗೆ ಕುರಿ ಮೇಲೆ ಇಷ್ಟು ಅಕ್ಕರೆಯಾ?" ಎಂದ ಕಿಲೋದ್ರಾನ್.

ಗುಡ್ಡ ಬಲ್ಲವರಲ್ಲಿ ಎವರಿಸ್ತೊ ನವೆಲ್ಕಿನ್ ಮೊದಲಿಗ. ಹಿಂದೆ ಸಿಂಹಗಳ ಬೇಟೆಗಾರ, ಈಗ ಅಂಪಾರೊಳ ಜಾಡುಗಾರ. ಪಾರ್ದಳಿಗೆ ಪಟ್ಟಿ ಕಟ್ಟುವಾಗ ಅವಳ ತಲೆ ಹಿಡಿದುಕೊಂಡವನೂ ಅವನೇ. ದಾರಿ ತೋರಿಸಲು ಕರೆಯೋಣವೆಂದು ಅವನ ಗುಡಿಸಲಿಗೆ ಹೋದರು.

ನಾಯಿಮರಿಯೊಂದು ಓಡಿಬಂದು ಸಾರ್ಜೆಂಟನ ಕೈ ನೆಕ್ಕಿತು. ಅವನು ಅದರ ಕೊರಳು ತುರಿಸಿದ. ಅದರ ಕೊರಳಪಟ್ಟಿಯಲ್ಲೂ ಬೆರಳಿಗೆ ಮೆತ್ತನೆ ಕುರಿಚರ್ಮ, ಅದೇ ಜಡೆಹೊಲಿಗೆ. ಚಿಕ್ಕಂದಿನಲ್ಲಿ ಅವನನ್ನು ಕುದುರೆ ಹತ್ತಿಸಿದವನು ಈಗ ಬಾಗಿಲಿಗೆ ಬಂದ ಈ ಮುದುಕನೇ.

"ಹಳೇ ನಾಯಿ ಮೋರಾ ಎಲ್ಲಿ ಎವರಿಸ್ತೊ?" ಎಂದ ಕಿಲೋದ್ರಾನ್.

"ಇಲ್ಲ."

"ಏನಾಯ್ತು?"

"ಪಾರ್ದ ಕೊಂದಳು. ಈ ಬಾಗಿಲಲ್ಲೇ. ಅಷ್ಟು ವರ್ಷ ನನ್ನ ಕಾಲಡಿ ಮಲಗಿದ್ದ ನಾಯಿ. ಬಂದೂಕು ಕೈಗೆ ಬಂದುಬಿಡ್ತು. ಮರಿ ಇರೋದು ಗೊತ್ತಿತ್ತು, ಆ ಗಳಿಗೇಲಿ ನೆನಪಾಗಲಿಲ್ಲ. ಆಮೇಲೆ ನೋಡ್ತೀನಿ, ಮೊಲೆ ತುಂಬಾ ಹಾಲು."

ಅಂಪಾರೊ ಮುಂದೆ ಬಂದಳು. "ನನಗೆ ಹೇಳಬಾರದಿತ್ತಾ?"

"ಯಾವ ಮುಖ ಇಟ್ಕೊಂಡು ಹೇಳ್ಲಿ ಡಾಕ್ಟ್ರಮ್ಮಾ? ಅದಕ್ಕೇ ಆ ಪುಂಡ ಕುರಿಗೆ ಉರುಲು ಹಾಕಿ ಹಿಡಿದು ಅವಳ ಪಟ್ಟಿ ಕಟ್ಟಿದೆ."

"ಮರಿಗಳು?"

ಮುದುಕನ ಮುಖ ಮೊದಲ ಸಲ ಅರಳಿತು. ಅವನು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದ. ಸೌದೆ ರಾಶಿಯ ಹಿಂದಿನಿಂದ ಚುಕ್ಕೆ ಮೈಯ ಎರಡು ಮರಿಗಳು ಕುಣಿಯುತ್ತಾ ಬಂದವು, ಮೈತುಂಬಿಕೊಂಡು ದುಂಡಗಿದ್ದವು. ಒಂದು ಅವನ ಬೂಟು ಕಚ್ಚಿತು. ಇನ್ನೊಂದು ಸೀದಾ ಕುಕ್ಕರಗಾಲಲ್ಲಿ ಕೂತ ರೊಸೌರಾಳ ಮಡಿಲಿಗೆ ಹತ್ತಿತು.

"ಒಂದೂ ಸಾಯಲಿಲ್ಲ," ಎಂದ ಎವರಿಸ್ತೊ. "ಬೆರಳಲ್ಲಿ ಹಾಲು ನೆಕ್ಕಿಸಿದೆ. ದೊಡ್ಡವಾದ ಮೇಲೆ ಅವಳ ಗುಡ್ಡಕ್ಕೇ ಬಿಟ್ಟುಬರ್ತೀನಿ ಅಂದ್ಕೊಂಡಿದ್ದೆ."

ಅಂಪಾರೊ ನೆಲದ ಮೇಲೆ ಕೂತುಬಿಟ್ಟಳು.

"ಬಿಡೋಕಾಗಲ್ಲ ಎವರಿಸ್ತೊ. ಮನುಷ್ಯರ ಸಿಳ್ಳೆಗೆ ಬರ್ತಾವೆ. ಬಂದೂಕು ಹಿಡಿದೋನ ಹತ್ರಾನೂ ಹೀಗೇ ಓಡ್ತಾವೆ. ಇನ್ನು ಇವಕ್ಕೆ ಜೀವನಪೂರ್ತಿ ಪಂಜರವೇ."

ಅವನು ಒಮ್ಮೆ ಅವಳನ್ನು, ಒಮ್ಮೆ ಮರಿಗಳನ್ನು ನೋಡಿದ.

"ಹಾಗಾದ್ರೆ ಸಾಯೋಕೆ ಬಿಡಬೇಕಿತ್ತಾ?"

ಸಂಜೆ ಐದಕ್ಕೆ ಬಂದೂಕು ಜಪ್ತಿಯಾಯಿತು, ಬಂಧನದ ಮೆಮೊಗೆ ಮುದುಕ ಹೆಬ್ಬೆಟ್ಟು ಒತ್ತಿದ. ಬಂಧನಕ್ಕೆ ಕಾರಣವಾದ ಕೃತ್ಯದ ಪ್ರೇರಣೆ ಎಂಬಲ್ಲಿ ಸಾರ್ಜೆಂಟ್ 'ನಾಯಿಯ ಸಾವು' ಎಂದಷ್ಟೇ ಬರೆದ. ಕಾಗದದಲ್ಲಿ ಅದಕ್ಕಿಂತ ಹೆಚ್ಚು ಜಾಗವಿರಲಿಲ್ಲ.

ಪಂಜರದ ಗಾಡಿ ಬರುವವರೆಗೆ ಅಂಪಾರೊ ಮರಿಗಳ ಬಳಿ ಉಳಿದಳು. ಜೀಪು ಹೊರಟಾಗ ಅವೆರಡೂ ಅವಳ ಕೈ ತಪ್ಪಿಸಿಕೊಂಡು ಹಿಂದೆಯೇ ಓಡಿಬಂದವು. ಎವರಿಸ್ತೊ ಕಿಟಕಿಯಿಂದ ಕೈ ಚಾಚಿ ಕಲ್ಲೆಸೆಯುವಂತೆ ಬೀಸಿದ, ಬೈದ, ಹೋಗಿ ಎಂದು ಗದರಿದ. ಅವನ ದನಿ ಕೇಳಿ ಅವು ಇನ್ನೂ ಜೋರಾಗಿ ಓಡಿದವು.